ಮೇಡಂ ಕಾಲು ಕೊಡುವುದಿಲ್ಲ

ಜೂನ್ 4, ಬೆಳಿಗ್ಗೆ 7

ಎಂಟು ಬುಟ್ಟಿ ಲದ್ದಿ ಹೊತ್ತು ಹಾಕಿದೆ. ಸೊಂಟ ಬಿದ್ದುಹೋಗಿದೆ. ಹದಿನೇಳು ವರ್ಷ ಸರ್ವಿಸ್ ಆದ ಸ್ಟಾಫ್ ನರ್ಸ್ — ಇವತ್ತಿನ ಡ್ಯೂಟಿ, ಕುದುರೆ ಲಾಯ ಗುಡಿಸುವುದು.

ಅಮ್ಮನ ಐಡಿಯಾ. ನಾನು ಸಸ್ಪೆಂಡ್ ಆಗಿ ಮನೆಯಲ್ಲಿ ಕೂತು ಪಾತ್ರೆ ಕುಕ್ಕುವುದನ್ನು ಎರಡು ದಿನ ನೋಡಿದಳು. ಮೂರನೇ ದಿನ ತನ್ನ ತಮ್ಮನಿಗೆ ಫೋನ್. "ಇವಳನ್ನ ಸ್ವಲ್ಪ ದಿನ ಅಲ್ಲೇ ಇಟ್ಕೊಳ್ಳೋ, ಇಲ್ಲಾಂದ್ರೆ ನನ್ನ ಪಾತ್ರೆ ಒಂದೂ ಉಳಿಯಲ್ಲ." ಮಾವನದು ಆರು ಕುದುರೆ, ರೈಡಿಂಗ್ ಕ್ಲಾಸ್. ಗೇಟಿನ ಬೋರ್ಡಿನಲ್ಲಿ ಬರೆಸಿದ್ದಾರೆ: ನಂಬಿಕೆ, ಧೈರ್ಯ, ವ್ಯಕ್ತಿತ್ವ ವಿಕಸನ. ಓದಿಯೇ ಮೈ ಉರಿಯಿತು.

ಕುದುರೆ ಜೊತೆ ಇದ್ದರೆ ಮನಸ್ಸು ಶಾಂತವಾಗುತ್ತದಂತೆ. ಶಾಂತವಾಗಿ ಏನು ಮಾಡಲಿ, ಸಹಿ ಹಾಕಲಾ?

ಜೂನ್ 5

ಸಹಿ ಹಾಕು ಅಂತ ಆಸ್ಪತ್ರೆಯವರು ಕೊಟ್ಟ ಪತ್ರವನ್ನು ಮತ್ತೆ ಓದಿದೆ. ಓದಬಾರದಿತ್ತು.

ಮೊದಲ ಪ್ಯಾರಾ — ಡ್ಯೂಟಿ ರೂಮಿನಲ್ಲಿ ಡಾಕ್ಟರ ಎದುರು ಸ್ಟೀಲ್ ಟ್ರೇ ಎಸೆದಿದ್ದಕ್ಕೆ ಕ್ಷಮೆ ಕೋರುತ್ತೇನೆ. ಸರಿ, ಎಸೆದೆ. ಗೋಡೆಗೆ ಎಸೆದೆ, ಅದು ನನ್ನ ಒಳ್ಳೆಯತನ. ಎರಡನೇ ಪ್ಯಾರಾ — ರೋಗಿಯ ಸ್ಥಿತಿಯನ್ನು ಸಕಾಲಕ್ಕೆ ಡಾಕ್ಟರಿಗೆ ತಿಳಿಸಿರಲಿಲ್ಲ.

ತಿಳಿಸಿರಲಿಲ್ಲವಂತೆ. ಭಾನುವಾರ ಮಧ್ಯಾಹ್ನ ಎರಡಕ್ಕೆ, ಎರಡೂ ಮುಕ್ಕಾಲಿಗೆ, ಮೂರೂವರೆಗೆ. ಮೂರು ಫೋನ್. ಕೈ ಮುರಿದು ಬಂದ ಬಡಗಿ ಹುಡುಗನ ಪ್ಲಾಸ್ಟರ್ ಬಿಗಿಯಾಗಿದೆ, ಬೆರಳು ನೀಲಿಯಾಗ್ತಿದೆ ಸಾರ್, ಬನ್ನಿ. ಬಂದಿದ್ದು ಏಳಕ್ಕೆ. ಬಲಗೈಯ ಮೂರು ಬೆರಳು ಹೋದವು. ಟೈಮ್ ಸಮೇತ ಚಾರ್ಟಿನಲ್ಲಿ ಬರೆದಿದ್ದೆ. ಫೈಲಿನಲ್ಲಿ ಈಗ ಆ ಹಾಳೆಯೇ ಇಲ್ಲ. ಗೂಬೆ ಕೂರಿಸುವುದಕ್ಕೆ ನನ್ನ ತಲೆ ಸಿಕ್ಕಿದೆ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ವಿಚಾರಣೆ 24ಕ್ಕೆ.

ಜೂನ್ 7

ಕಂದು ಹೆಣ್ಣು ಕುದುರೆ ಒಂದಿದೆ. ಯಾರ ಮಾತೂ ಕೇಳುವುದಿಲ್ಲ, ಅದಕ್ಕೇ ಎಲ್ಲರೂ ಮೇಡಂ ಅನ್ನುತ್ತಾರೆ. ಬಲ ಹಿಂಗಾಲು ಮುಟ್ಟಲು ಬಿಡುವುದಿಲ್ಲ. ಲಾಳ ಸವೆದು ಹೋಗಿದೆ. ಲಾಳ ಕಟ್ಟುವವರು ಎರಡು ಸಲ ಒದೆ ತಿಂದಿದ್ದಾರೆ. 22ಕ್ಕೆ ಬರುತ್ತಾರೆ, ಕೊನೇ ಸಲ.

"ಅವತ್ತೂ ಕಾಲು ಕೊಡ್ಲಿಲ್ಲ ಅಂದ್ರೆ ದಲ್ಲಾಳಿಗೆ ಕೊಟ್ಬಿಡ್ತೀನಿ," ಅಂದರು ಮಾವ. "ಅವನು ಎಲ್ಲಿಗೆ ಸಾಗಿಸ್ತಾನೋ ನಾನು ಕೇಳಲ್ಲ."

ನಾನು ನೋಡುತ್ತೇನೆ ಅಂದೆ. ಎಂತೆಂಥಾ ಪೇಷಂಟ್‌ಗಳನ್ನು ನೋಡಿಲ್ಲ.

ಸಂಜೆ 6

ನೋಡಿದ್ದಾಯಿತು. "ಏನೂ ಆಗಲ್ಲ ಪುಟ್ಟಾ, ಏನೂ ಆಗಲ್ಲ" ಅನ್ನುತ್ತಾ ಹತ್ತಿರ ಹೋದೆ. ಇಂಜೆಕ್ಷನ್‌ಗೆ ಮುಂಚೆ ನಾನು ಹೇಳುವ ಧಾಟಿ, ವಾರ್ಡಿನಲ್ಲಿ ಅದಕ್ಕೆ ಹೆಸರುವಾಸಿ. ಬಾಯಿ ತೆರೆದದ್ದೇ ತಡ, ಕಿವಿ ಹಿಂದಕ್ಕೆ ಹೋಯಿತು. ಒದ್ದಳು. ಬಕೆಟ್ ಹಾರಿ ಬಂದು ನನ್ನ ತೊಡೆಗೆ ಬಡಿಯಿತು. ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಹಾಳಾದವಳು. ದಲ್ಲಾಳಿಗೇ ಕೊಡಲಿ.

ಜೂನ್ 11

ಐದನೇ ದಿನ. ಹೋದೆ, ಒದೆಸಿಕೊಂಡೆ, ಬಂದೆ.

ಅತ್ತೆ ಹುಲ್ಲು ಹಾಕುತ್ತಾ ನಿಂತು ನೋಡುತ್ತಿದ್ದರು. ಆಮೇಲೆ ಹೇಳಿದರು. ಹೋದ ವರ್ಷ ಆ ಗೊರಸಿನಲ್ಲಿ ಕೀವು ತುಂಬಿತ್ತಂತೆ. ನಾಲ್ಕು ಜನ ಹಗ್ಗ ಹಾಕಿ ಹಿಡಿದುಕೊಂಡರೆ ಪಶುವೈದ್ಯ ಕೊಯ್ಯುತ್ತಿದ್ದ. ಹದಿನೈದು ದಿನ.

"ಆ ಡಾಕ್ಟ್ರೂ ಹಿಂಗೇ ಕಣಮ್ಮಾ. ಏನೂ ಆಗಲ್ಲ ಏನೂ ಆಗಲ್ಲ ಅಂತ ಸಕ್ಕರೆ ಸುರೀತಾ ಬರೋರು. ನಿನ್ನ ದನಿ ಕೇಳಿದ್ರೆ ನಂಗೇ ಹೆದರಿಕೆ ಆಗುತ್ತೆ."

ಅನ್ನ ಸೇರಲಿಲ್ಲ.

ಆ ಭಾನುವಾರ ಬಡಗಿ ಹುಡುಗ ಕೇಳಿದ್ದ. ಸಿಸ್ಟರ್, ಬೆರಳು ಯಾಕೆ ಮರಗಟ್ಟಿದೆ? ಏನೂ ಆಗಲ್ಲಪ್ಪಾ, ಡಾಕ್ಟರ್ ಬರ್ತಾರೆ ಅಂದೆ. ಮೂರು ಸಲ ಕೇಳಿದ. ಮೂರು ಸಲವೂ ಅದನ್ನೇ ಅಂದೆ. ನನ್ನನ್ನು ನಂಬಿ ಸುಮ್ಮನೆ ಮಲಗಿದ್ದ. ಕಿರುಚಿದ್ದರೆ, ಗಲಾಟೆ ಮಾಡಿದ್ದರೆ, ಆ ಡಾಕ್ಟರ್ ಓಡಿ ಬರುತ್ತಿದ್ದ. ಕಿರುಚದ ಹಾಗೆ ನೋಡಿಕೊಂಡವಳು ನಾನು.

ಟ್ರೇ ಎಸೆದಿದ್ದು ಯಾರ ಮೇಲಿನ ಸಿಟ್ಟಿಗೆ? ಈ ಪ್ರಶ್ನೆಯನ್ನು ಬರೆಯಲೇಬಾರದು ಅಂದುಕೊಂಡಿದ್ದೆ.

ಜೂನ್ 12

ಸಕ್ಕರೆ ಬಂದ್. ಭುಜದ ಹತ್ತಿರ ನಿಂತು ಮಾಮೂಲಿ ದನಿಯಲ್ಲಿ ಮೇಡಂಗೆ ಎಲ್ಲ ಹೇಳಿದೆ. ಡಾಕ್ಟರ್ ಎಂಥವನು, ನಮ್ಮ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಎಂಥವಳು, ನಾನೆಂಥವಳು. ಬರೆಯಲು ಯೋಗ್ಯವಲ್ಲದ ಮಾತುಗಳೂ ಬಂದವು. ಕಿವಿ ನನ್ನ ಕಡೆ ತಿರುಗಿತು. ಬೆನ್ನಿನಿಂದ ಕೈ ಬಿಡದೆ ಕೆಳಗೆ ತಂದೆ. ಈಗ ತೊಡೆ ಮುಟ್ತೀನಿ. ಈಗ ಮಂಡಿ. ನೋವಾಗಬಹುದು, ನಂಗೊತ್ತಿಲ್ಲ. ಹೇಳಿದ್ದನ್ನಷ್ಟೇ ಮಾಡಿದೆ. ಚರ್ಮ ನಡುಗಿತು. ಒದೆಯಲಿಲ್ಲ.

ಮಾವ ಬಾಗಿಲಲ್ಲಿ ನಿಂತು, "ಯಾರಿಗಮ್ಮಾ ಈ ಸಹಸ್ರನಾಮ?" ಅಂದರು.

ಜೂನ್ 16

ಮೇಟ್ರನ್ ಫೋನ್. "ಎರಡೇ ಪ್ಯಾರಾ ಕಣೇ, ಸಹಿ ಹಾಕಿಬಿಡು. ಬೆರಳೇನು ವಾಪಸ್ ಬರುತ್ತಾ?"

ಫೋನ್ ಇಟ್ಟವಳೇ ನೇರ ಲಾಯಕ್ಕೆ ನುಗ್ಗಿ, ಹಗ್ಗ ಜಗ್ಗಿ, ಕಾಲು ಎತ್ತು ಅಂದೆ. ಮೇಡಂ ನನ್ನನ್ನು ಗೋಡೆಗೆ ಒತ್ತಿಬಿಟ್ಟಳು. ಉಸಿರು ನಿಂತಿತು. ನಾಲ್ಕು ದಿನದ ಕೆಲಸ ನೀರುಪಾಲು.

ಮಾವ ಬೈಯಲಿಲ್ಲ. ನನ್ನ ಮುಷ್ಟಿ ಬಿಡಿಸಿ ಹಗ್ಗ ತಗೊಂಡರು. "ಬಾಯಲ್ಲಿ ಎಷ್ಟಾದ್ರೂ ಸಿಟ್ಟಿರ್ಲಿ. ಕೈಗೆ ಬಂದ್ರೆ ನಿಂಗೂ ಗೊರಸು ಕೊಯ್ದ ಆ ಡಾಕ್ಟ್ರಿಗೂ ಇರೋ ವ್ಯತ್ಯಾಸ ಅವಳಿಗೆ ಗೊತ್ತಾಗಲ್ಲ."

ಬೋರ್ಡು ಬರೆಸಿದ ಮನುಷ್ಯ ಒಂದು ಒಳ್ಳೆ ಮಾತಾಡಿದ್ದು ಇದೇ ಮೊದಲು. ಮತ್ತೆ ಭುಜದಿಂದ ಶುರು.

ಜೂನ್ 22

ಕೊಟ್ಟಳು.

ನಾನೇ ಕಾಲು ಹಿಡಿದು ನಿಂತಿದ್ದೆ, ಗೊರಸು ನನ್ನ ತೊಡೆಯ ಮೇಲೆ. ಲಾಳದವರು ಮೊಳೆಗೆ ಸುತ್ತಿಗೆ ಎತ್ತುವ ಮುಂಚೆ ಪ್ರತಿ ಸಲ ಹೇಳಿದೆ — ಈಗ ಬಡೀತಾರೆ. ನಾಲ್ಕನೇ ಮೊಳೆಗೆ ಎಳೆದುಕೊಂಡಳು. ಬಿಟ್ಟೆ. ಕಾದೆ. ಮತ್ತೆ ಕೇಳಿದೆ. ತಾನಾಗಿಯೇ ಭಾರ ನನ್ನ ಮೇಲೆ ಹಾಕಿದಳು. ಅಷ್ಟು ಭಾರವನ್ನು ಯಾರೂ ನನ್ನ ಮೇಲೆ ಹೀಗೆ ಇಟ್ಟಿರಲಿಲ್ಲ. ಅತ್ತುಬಿಟ್ಟೆ, ಲಾಳದವರ ಎದುರೇ.

"ನಾನು ಒದೆ ತಿಂದಾಗ ಯಾರೂ ಅಳ್ಲಿಲ್ಲ," ಅಂದರು ಅವರು.

ದಲ್ಲಾಳಿಗೆ ಬರಬೇಡ ಅಂತ ಮಾವ ಫೋನ್ ಮಾಡಿದರು.

ಜೂನ್ 24, ಮಧ್ಯಾಹ್ನ

ಸಹಿ ಹಾಕಲಿಲ್ಲ.

ಮೇಜಿನಾಚೆ ಐದು ಜನ. ಡಾಕ್ಟರ್ ಮೊಬೈಲ್ ನೋಡುತ್ತಿದ್ದ. ಎರಡೂ ಅಂಗೈ ಮೇಜಿನ ಮೇಲೆ ಇಟ್ಟೆ. ಮೊದಲ ಪ್ಯಾರಾ ಒಪ್ತೀನಿ, ಎರಡನೇದು ಸುಳ್ಳು ಅಂದೆ. ಮೂರು ಫೋನ್, ಮೂರು ಟೈಮ್. ನನ್ನ ಮೊಬೈಲಿನಲ್ಲಿ ಕಾಲ್ ಲಿಸ್ಟ್ ಇದೆ, ನೋಡಿ. ಯಾರೂ ಕೈ ಚಾಚಲಿಲ್ಲ. ದನಿ ಏರಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಇದ್ದೇ ಇತ್ತು, ಎಲ್ಲಿರಬೇಕೋ ಅಲ್ಲಿತ್ತು.

"ಕೆಲಸ ಹೋಗುತ್ತೆ, ಯೋಚನೆ ಮಾಡಿ," ಅಂದಳು ಮೇಟ್ರನ್. ಇವತ್ತು ಬಹುವಚನ.

"ಮಾಡಿಯಾಗಿದೆ ಮೇಡಂ."

ಆರ್ಡರ್ ಪೋಸ್ಟಿನಲ್ಲಿ ಬರುತ್ತದಂತೆ. ಬರಲಿ. ಹದಿನೇಳು ವರ್ಷ... ಮೆಟ್ಟಿಲಿಳಿಯುವಾಗ ಒಮ್ಮೆ ಹಿಂತಿರುಗಿ ನೋಡಿದೆ. ಅದನ್ನೂ ಬರೆದಿಡುತ್ತೇನೆ.

ಜೂನ್ 25, ಸಂಜೆ 5

ಬಡಗಿ ಹುಡುಗನ ಮನೆಗೆ ಹೋಗಿದ್ದೆ. ನರ್ಸ್ ತಡ ಮಾಡಿದ್ದೇ ಕಾರಣ ಅಂತ ಆಸ್ಪತ್ರೆಯವರು ಅವನಿಗೆ ಹೇಳಿಯಾಗಿದೆ. ಅವನ ಅಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಅವನೇ ಒಳಗೆ ಕರೆದ.

ಮೂಲೆಯಲ್ಲಿ ಅರ್ಧ ಮಾಡಿದ ಕುರ್ಚಿ. ಎಡಗೈಯಲ್ಲಿ ಸ್ಯಾಂಡ್‌ಪೇಪರ್ ಹಿಡಿದು ಅಭ್ಯಾಸ ಮಾಡುತ್ತಿದ್ದ. ಮೂರು ಫೋನಿನ ವಿಷಯ ಹೇಳಿದೆ. ಹಾಳೆ ಕಿತ್ತಿದ್ದು ಹೇಳಿದೆ. ಯಾವ ಕೋರ್ಟಿಗೆ ಕರೆದರೂ ಬಂದು ಹೇಳ್ತೀನಿ ಅಂದೆ. ಕಾಲ್ ಲಿಸ್ಟಿನ ಪ್ರಿಂಟ್ ಅವನ ಮುಂದೆ ಇಟ್ಟೆ. ಅದನ್ನು ಮುಟ್ಟಲಿಲ್ಲ.

"ನಾನು ಕೇಳಿದಾಗ," ಅಂದ, "ನನ್ನ ಕೈ ಹೋಗ್ತಿದೆ ಅಂತ ನಿಮ್ಗೆ ಗೊತ್ತಿತ್ತಾ ಸಿಸ್ಟರ್?"

ಗೊತ್ತಿತ್ತು ಅಂದೆ.

ಅವನು ಸ್ಯಾಂಡ್‌ಪೇಪರ್ ಕೆಳಗಿಟ್ಟು, ಎಡಗೈಯಿಂದ ಆ ಪ್ರಿಂಟನ್ನು ತನ್ನ ಕಡೆ ಎಳೆದುಕೊಂಡ.