ಅರ್ಧ ವೇಗದ ಮಗ್ಗಗಳು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಕಾಗದ ಶನಿವಾರ ಕೈಸೇರಿತು. ಮೊದಲು ನಿನ್ನ ಸೊಂಟದ ವಿಷಯ ಹೇಳು. ಬಂದರಿನ ಆ ಥಂಡಿ ಗಾಳಿಯಲ್ಲಿ ದಿನವಿಡೀ ಹಡಗಿನ ಹೊಟ್ಟೆಯೊಳಗೆ ಬಗ್ಗಿ ರಿಪೇರಿ ಮಾಡುವವನು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಹೋಗುತ್ತೀಯ ಅಂತ ನಿನ್ನ ಹೆಂಡತಿ ಕಾಗದದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ದೂರು ಬರೆದಿದ್ದಾಳೆ. ನೀನು ನೋಡಿಲ್ಲ ಅಂತ ಕಾಣುತ್ತೆ, ನೋಡಿದ್ದರೆ ಆ ಅಂಚನ್ನೇ ಹರಿದು ಹಾಕುತ್ತಿದ್ದೆ. ಅವಳ ಮಾತು ಕೇಳು. ಪುಟ್ಟಿಯ ಕೆಮ್ಮು ಹೋಯಿತೇ? ಅವಳು ಬಿಡಿಸಿ ಕಳಿಸಿದ ಬೆಕ್ಕನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ಅದಕ್ಕೆ ಐದು ಕಾಲಿವೆ ಅಂತ ನಿನ್ನ ಭಾವ ತಕರಾರು ಮಾಡಿದರು, ಬಾಲ ಸ್ವಲ್ಪ ಕೆಳಗೆ ಬಂದಿದೆ ಅಷ್ಟೆ ಅಂತ ನಾನು ಸಮಾಧಾನ ಹೇಳಿದೆ. ನಾನು ಚೆನ್ನಾಗಿದ್ದೇನೆ. ಬಲಗಿವಿ ಪೂರ್ತಿ ಕೈಕೊಟ್ಟಿದೆ, ಎಡಗಿವಿ ಮನಸ್ಸು ಬಂದಾಗ ಕೇಳಿಸಿಕೊಳ್ಳುತ್ತೆ. ಅಮ್ಮನಿಗೂ ಈ ವಯಸ್ಸಿಗೆ ಹೀಗೇ ಆಗಿತ್ತಲ್ಲ. ನಿನ್ನ ಭಾವನಿಗೆ ಇದರಿಂದ ಅನುಕೂಲವೇ ಆಗಿದೆ, ನನ್ನ ಹತ್ತಿರ ಬೈಸಿಕೊಳ್ಳಬೇಕಾದ ಮಾತನ್ನೆಲ್ಲ ಬಲಗಡೆ ಕೂತು ಹೇಳುತ್ತಾರೆ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಒಂದು, ಊರು ಚೇತರಿಸಿಕೊಳ್ಳುತ್ತಿದೆ ಅಂತ ಟಿವಿಯಲ್ಲಿ ಹೇಳಿದ್ದು ನಿಜವೇ ಅಂತ. ಕಂಪನಿಯವರು ನಿನ್ನನ್ನು ಕಾಯಂ ಮಾಡುತ್ತೇವೆ ಅನ್ನುತ್ತಿದ್ದಾರೆ, ಸಹಿ ಹಾಕಿದರೆ ಅಲ್ಲೇ ಬೇರು ಬಿಟ್ಟ ಹಾಗೆ, ಹಾಕದಿದ್ದರೆ ತಿಂಗಳ ಕೊನೆಗೆ ಸಾಮಾನು ಕಟ್ಟಿಕೊಂಡು ಇಲ್ಲಿಗೆ ಬಂದುಬಿಡುತ್ತೇನೆ, ನೀನು ಹೇಳಿದ ಹಾಗೆ ಕೇಳುತ್ತೇನೆ ಅಕ್ಕಾ ಅಂತ ಬರೆದಿದ್ದೀಯ. ಇನ್ನೊಂದು, ಅದೇ ಟಿವಿಯಲ್ಲಿ ನಾನೂ ನನ್ನ ಜೊತೆ ಕೆಲಸಕ್ಕಿರುವ ದಪ್ಪಕ್ಕನೂ ಮಗ್ಗದ ಆಚೆ ಈಚೆ ನಿಂತು ತುಟಿಮಾತಾಡಿ ನಗುತ್ತಿದ್ದೆವಲ್ಲ, ಏನು ಹೇಳಿಕೊಂಡು ನಕ್ಕಿರಿ, ನನಗೆ ತಿಳಿಯಲಿಲ್ಲ ಅಂತ. ಮಗ್ಗದ ಸದ್ದಿನಲ್ಲಿ ದನಿ ಕೇಳಿಸದ ಹೆಂಗಸರು ಬರೀ ತುಟಿಯಲ್ಲಿ ಆಡಿಕೊಳ್ಳುತ್ತಿದ್ದ ಮಾತನ್ನು ಅಮ್ಮ ಮನೆಗೂ ತಂದಿದ್ದಳು. ಅಪ್ಪನ ಬೆನ್ನ ಹಿಂದೆ ನಿಂತು ಅವರನ್ನು ಆಡಿಕೊಂಡು ನಮ್ಮನ್ನು ನಗಿಸುತ್ತಿದ್ದಳು. ನೀನು ಬಾಯಿಬಿಟ್ಟು ಮಾತಾಡೋಕೆ ಮುಂಚೆ ತುಟಿ ಓದುವುದನ್ನು ಕಲಿತವನು. ಊರು ಬಿಟ್ಟ ಎಂಟು ವರ್ಷಕ್ಕೆ ಅದು ನಿನ್ನ ಕಣ್ಣಿನಿಂದ ಹೋಗಿಬಿಟ್ಟಿತೇ? ಬೈಯುತ್ತಿಲ್ಲ ಕಣೋ, ಬೇಜಾರಾಯ್ತು. ಆ ಪ್ರಶ್ನೆ ಆಮೇಲೆ ನೋಡೋಣ.

ಮೊದಲನೆಯದಕ್ಕೆ ನಿನ್ನ ಭಾವನ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತೆ. ಅವರ ಪ್ರಕಾರ ಊರು ಹಾಸಿಗೆ ಬಿಟ್ಟೆದ್ದು ಓಡಾಡಲು ಶುರುಮಾಡಿದೆ. ದೊಡ್ಡ ಬೀದಿಗೆ ಹೊಸ ದೀಪದ ಕಂಬಗಳು ಬಂದಿವೆ. ಮುಚ್ಚಿದ ಮಿಲ್ಲಿನಲ್ಲಿ ಸಂಬಳ ಕೊಡುತ್ತಿದ್ದ ಕಿಟಕಿ ಇತ್ತಲ್ಲ, ಅದೀಗ ಕಾಫಿ ಅಂಗಡಿ, ಅದೇ ಕಬ್ಬಿಣದ ಸರಳುಗಳ ಹಿಂದಿನಿಂದ ಒಬ್ಬ ಹುಡುಗಿ ಕಾಫಿ ಕೊಡುತ್ತಾಳೆ. ನಿನ್ನ ಭಾವ ಒಂದು ದಿನ ಅಲ್ಲಿ ನಿಂತು, ಹಳೇ ಅಭ್ಯಾಸದಲ್ಲಿ ಟೋಪಿ ತೆಗೆದು ತಮ್ಮ ಹಾಜರಿ ನಂಬರ್ ಹೇಳಿಬಿಟ್ಟರಂತೆ. ಅಷ್ಟೊಂದು ಕಾಫಿ ಯಾರಿಗೆ ಸಾರ್ ಅಂದಳಂತೆ ಆ ಹುಡುಗಿ. ಇನ್ನು ಮುಚ್ಚಿದ ಅಂಗಡಿಗಳ ಕಬ್ಬಿಣದ ಬಾಗಿಲುಗಳ ಮೇಲೆಲ್ಲ ನಗರಸಭೆಯವರು ಚಿತ್ರ ಬರೆಸಿದ್ದಾರೆ. ಬ್ರೆಡ್ಡು, ಬೂಟು, ಹೂವಿನ ಕುಂಡ, ಗಿರಾಕಿಗಳು, ಎಲ್ಲ ಬಣ್ಣದಲ್ಲಿ. ದೂರದಿಂದ ನೋಡಿದರೆ ಬೀದಿ ತುಂಬಿ ತುಳುಕುತ್ತಿದೆ ಅನ್ನಬೇಕು. ಎದುರುಮನೆಯ ದರ್ಜಿ ತಾತ, ಪಾಪ, ಕಣ್ಣು ಮಂಜು, ಬೇಕರಿ ತೆರೆಯಲಿ ಅಂತ ಚೀಲ ಹಿಡಿದು ಚಿತ್ರದ ಮುಂದೆ ಕಾದು ನಿಂತಿದ್ದರು. ಅವರನ್ನು ಕೈಹಿಡಿದು ಕರೆತಂದ ನಿನ್ನ ಭಾವನೇ ಸಂಜೆ ನನಗೆ ಹೇಳಿದರು, ‘ಚಿತ್ರ ಬಂತು ಅಂದ್ರೆ ಅಂಗಡಿಯೂ ಬರುತ್ತೆ ಕಣೇ, ನೋಡ್ತಿರು.’

ನಿಜವಾಗಿ ಬಂದದ್ದೂ ಇದೆ, ಇಲ್ಲ ಅನ್ನಲಾರೆ. ಊರಾಚೆ ಪಾರ್ಸಲ್ ಗೋದಾಮು ಬಂದಿದೆ, ಅಲ್ಲಿ ಹರೆಯದವರಿಗೆ ಕೆಲಸವಿದೆ. ಆದರೆ ಯಾರನ್ನೂ ಮೂರು ತಿಂಗಳ ಮೇಲೆ ಇಟ್ಟುಕೊಳ್ಳುವುದಿಲ್ಲ. ದಪ್ಪಕ್ಕನ ಮಗನನ್ನು ತೆಗೆದು, ಮತ್ತೆ ಕರೆದು, ಮತ್ತೆ ತೆಗೆದರು. ಅವನು ಈಗ ಊಟದ ಡಬ್ಬಿ ತೊಳೆದು ಎತ್ತಿಡುವುದನ್ನೇ ಬಿಟ್ಟಿದ್ದಾನೆ, ಯಾವಾಗ ಕರೆಯುತ್ತಾರೋ ಅಂತ ಅದು ಬಾಗಿಲ ಪಕ್ಕದಲ್ಲೇ ಇರುತ್ತೆ. ಪುಟ್ಟಿಯನ್ನು ಸೇರಿಸಬೇಕು ಅಂತಿದ್ದ ಶಾಲೆ ಮುಚ್ಚಿತು, ಮಕ್ಕಳು ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗುತ್ತವೆ. ಆಸ್ಪತ್ರೆ ಇದೆ, ಹೊರಗೆ ಸುಣ್ಣ ಬಣ್ಣವೂ ಆಗಿದೆ, ಆದರೆ ಹೆರಿಗೆ ವಾರ್ಡು ತೆಗೆದುಬಿಟ್ಟರು. ನೋವು ಶುರುವಾದರೆ ಪಕ್ಕದ ಊರಿಗೇ ಓಡಬೇಕು. ನಾನು ಒಂದು ದಿನ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ಹೊಳೆಯಿತು, ಈ ಊರಿನಲ್ಲಿ ಈಗ ಯಾರೂ ಹುಟ್ಟುವುದೇ ಇಲ್ಲ. ಸಾಯುವುದಕ್ಕೆ ಮಾತ್ರ ಇಲ್ಲೇ ವ್ಯವಸ್ಥೆ ಇದೆ. ಇದನ್ನು ನಿನ್ನ ಭಾವನಿಗೆ ಹೇಳಿದರೆ, ‘ನಿನ್ನ ಬಾಯಲ್ಲಿ ಒಂದಾದ್ರೂ ಒಳ್ಳೇ ಮಾತು ಬರಲ್ವಾ’ ಅಂತ ಮುಖ ಗಂಟು ಹಾಕಿಕೊಂಡರು.

ನನ್ನ ಕೆಲಸದ ವಿಷಯ ನಿನಗೆ ಟಿವಿಯಲ್ಲಿ ಕಂಡಷ್ಟೇ ಗೊತ್ತು. ಮಿಲ್ಲಿನ ಮುಂದಿನ ಶೆಡ್ಡನ್ನು ವಸ್ತುಸಂಗ್ರಹಾಲಯ ಮಾಡಿ, ನಾಲ್ಕು ಮಗ್ಗ ಉಳಿಸಿ, ನನ್ನನ್ನೂ ದಪ್ಪಕ್ಕನನ್ನೂ ಹಳೇ ನೀಲಿ ಅಂಗಿ ತೊಡಿಸಿ ನಿಲ್ಲಿಸಿದ್ದಾರೆ. ನೋಡಲು ಬರುವವರಿಗೆ ಸದ್ದು ಜಾಸ್ತಿಯಾಗುತ್ತೆ ಅಂತ ಸಣ್ಣ ಮೋಟಾರು ಹಾಕಿ ಮಗ್ಗಗಳನ್ನು ಅರ್ಧ ವೇಗಕ್ಕೆ ಇಳಿಸಿದ್ದಾರೆ. ಅರ್ಧ ವೇಗದಲ್ಲಿ ಓಡುವ ಮಗ್ಗ ಏನು ನೇಯುತ್ತೆ, ಫಿಟ್ಟರ್ ಆಗಿದ್ದ ನಿನಗೆ ನಾನು ಹೇಳಬೇಕೇ? ಲಾಳಿ ಕುಡಿದವನ ಹಾಗೆ ಆ ಕಡೆಯಿಂದ ಈ ಕಡೆಗೆ ಬರುತ್ತೆ, ಎಳೆ ಸಡಿಲ, ಬಟ್ಟೆ ಸೊಳ್ಳೆಪರದೆಗೂ ನಾಲಾಯಕ್ಕು. ಸುತ್ತಿ ಹಿಂದಿನ ಕೋಣೆಯಲ್ಲಿ ರಾಶಿ ಹಾಕುತ್ತೇವೆ. ಇಷ್ಟು ಕೆಟ್ಟ ಬಟ್ಟೆಯನ್ನು ನನ್ನ ಜೀವನದಲ್ಲಿ ನೇಯ್ದಿರಲಿಲ್ಲ, ಇಷ್ಟು ಚಪ್ಪಾಳೆಯನ್ನೂ ಕಂಡಿರಲಿಲ್ಲ. ಸದ್ದು ಕಡಿಮೆಯಾದ ಮೇಲೆ ತುಟಿಮಾತೂ ಬೇಕಾಗಿಲ್ಲ, ಕೂಗಿದರೆ ಕೇಳುತ್ತೆ, ನನಗಲ್ಲದಿದ್ದರೂ ದಪ್ಪಕ್ಕನಿಗೆ. ಆದರೂ ಗುಂಪು ಬಂದಾಗಲೆಲ್ಲ ಮೇಲ್ವಿಚಾರಕ ಕೈಸನ್ನೆ ಮಾಡುತ್ತಾನೆ, ನಾವು ಆಡಿ ತೋರಿಸಬೇಕು. ನಾವು ಏನು ಆಡುತ್ತೇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲವಾದ್ದರಿಂದ ದಪ್ಪಕ್ಕ ಅವನ ಮುಂದೆಯೇ ಅವನ ಮೀಸೆಯ ಬಗ್ಗೆ ಬಾಯಿಗೆ ಬಂದದ್ದು ಹೇಳುತ್ತಾಳೆ. ನನಗೆ ಅಲ್ಲಿ ನಿಂತಾಗಲೆಲ್ಲ ಮಿಲ್ಲು ಮುಚ್ಚಿದ ದಿನದ ಫೋಟೋ ನೆನಪಾಗುತ್ತೆ. ಪೇಪರಿನವರು ಅದರ ಕೆಳಗೆ ‘ನಗುನಗುತ್ತಾ ಬೀಳ್ಕೊಂಡರು’ ಅಂತ ಬರೆದದ್ದು ನಿನಗೂ ನೆನಪಿರಬೇಕು. ಮಗ್ಗದ ಮುಂದೆ ಕಣ್ಣು ತುಂಬಿಕೊಂಡರೆ ಹರಿದ ಎಳೆ ಕಾಣುವುದಿಲ್ಲ, ಅದಕ್ಕೇ ಹಿರಿಯ ಹೆಂಗಸರು ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು, ಅಳು ಬಂದರೆ ಹಲ್ಲು ಕಚ್ಚಿ ತುಟಿ ಅಗಲ ಮಾಡು ಅಂತ. ಅವತ್ತು ಇಡೀ ಶೆಡ್ಡು ತುಟಿ ಅಗಲ ಮಾಡಿ ನಿಂತಿತ್ತು.

ಕಳೆದ ತಿಂಗಳು ನಡೆದದ್ದನ್ನೂ ಹೇಳಬೇಕು. ಮಿಲ್ಲಿನ ಗೇಟಿಗೆ ಒಂದು ಹಾಳೆ ಅಂಟಿಸಿದ್ದರು, ಹಳೆಯ ಕೆಲಸಗಾರರು ಬೇಕಾಗಿದ್ದಾರೆ, ಅವರವರ ಸಲಕರಣೆ ತರಬೇಕು ಅಂತ. ಹಿಂದಿನ ಶೆಡ್ಡಿನಲ್ಲಿ ಮತ್ತೆ ಮಗ್ಗ ಹಾಕುತ್ತಾರಂತೆ ಅಂತ ಸುದ್ದಿ ಹಬ್ಬಿತು, ಯಾರು ಹಬ್ಬಿಸಿದರೋ ದೇವರಿಗೇ ಗೊತ್ತು. ನಿನ್ನ ಭಾವ ನಸುಕಿನಲ್ಲೇ ಎದ್ದು ಗಡ್ಡ ಕೆರೆದು, ನಿನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ ಅದೇ ತಗಡಿನ ಪೆಟ್ಟಿಗೆ ಹೊತ್ತು ಹೊರಟರು. ಬೀದಿಯೇ ಹೊರಟಿತ್ತು. ಗೇಟು ತೆರೆಯಿತು, ಸೈರನ್ನು ಕೂಗಿತು, ಎಲ್ಲರೂ ಒಳಗೆ ನಡೆದರು. ಆಮೇಲೆ ಕ್ಯಾಮೆರಾ ಹಿಡಿದವನೊಬ್ಬ ಎಲ್ಲರನ್ನೂ ಹೊರಗೆ ಕಳಿಸಿ, ಇನ್ನೊಮ್ಮೆ ಬನ್ನಿ, ಸ್ವಲ್ಪ ಖುಷಿಯಾಗಿ ಬನ್ನಿ ಅಂದ. ಹಿಂದಿನ ಶೆಡ್ಡಿನಲ್ಲಿ ಕಟ್ಟಿ ಮಾರುವ ಫ್ಲಾಟುಗಳಿಗೆ ಅದು ಜಾಹೀರಾತು. ಸೈರನ್ನೂ ರೆಕಾರ್ಡು ಹಾಕಿದ್ದಂತೆ. ನಿನ್ನ ಭಾವ ಮಾತ್ರ ಮೊದಲ ಸಲ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ದಪ್ಪಕ್ಕನ ಮಗ ಹುಡುಕಿಕೊಂಡು ಹೋದರೆ ಹಿಂದಿನ ಶೆಡ್ಡಿನ ಖಾಲಿ ನೆಲದಲ್ಲಿ ತಮ್ಮ ಮಗ್ಗಗಳ ಬೋಲ್ಟಿನ ಗುಂಡಿಗಳನ್ನು ಪತ್ತೆಮಾಡಿ, ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂತಿದ್ದರು, ಮಗ್ಗ ಇನ್ನೇನು ಬರುತ್ತೆ ಅಂತ. ಅವನೇ ಅವರನ್ನು ಎಬ್ಬಿಸಿಕೊಂಡು ಬಂದ. ಮನೆಗೆ ಬಂದವರು ನನ್ನ ಮುಖ ನೋಡದೆ ಸ್ಪ್ಯಾನರುಗಳಿಗೆಲ್ಲ ಎಣ್ಣೆ ಹಚ್ಚಿ ಒರೆಸಿಟ್ಟರು. ‘ಹೆಸರು ಬರ್ಕೊಂಡಿದಾರೆ ಕಣೇ’ ಅಂದರು. ಈ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟು, ಅಷ್ಟು ಪ್ರೀತಿ ಒಟ್ಟಿಗೇ ಯಾವತ್ತೂ ಬಂದಿರಲಿಲ್ಲ.

ಈಗ ನೀನು ಕೇಳುತ್ತೀಯ, ಸರಿ ಅಕ್ಕಾ, ಬರಲೋ ಬೇಡವೋ ಅಂತ. ನಾನು ಹೇಗೆ ಹೇಳಲಿ? ಬಾ ಅಂದರೆ ಅದು ನನ್ನ ಸ್ವಾರ್ಥ. ಮಹಡಿ ಕೋಣೆ ಹಾಗೇ ಇದೆ, ಮೊನ್ನೆ ಪರದೆ ಒಗೆದು ಹಾಕಿದೆ, ಪುಟ್ಟಿಗೆ ಮಂಚ ಎಲ್ಲಿ ಹಾಕಬಹುದು ಅಂತ ಗೇಣು ಹಾಕಿ ಅಳತೆಯನ್ನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ನೀವು ಮೂವರೂ ಚೀಲ ಹಿಡಿದು ಬೀದಿಯ ತಿರುವಿನಲ್ಲಿ ಬರುವುದನ್ನು ದಿನಾ ಒಂದು ಸಲವಾದರೂ ಕಣ್ಣಮುಂದೆ ತಂದುಕೊಳ್ಳುತ್ತೇನೆ. ಬೇಡ ಅಂದರೆ, ನನ್ನ ಕೈಯಾರೆ ನಿನ್ನನ್ನು ಇನ್ನೊಂದು ಸಲ ಊರು ಬಿಡಿಸಿದ ಹಾಗೆ. ಅದಕ್ಕೆ ಎರಡೂ ಕಡೆಯದನ್ನು ಬರೆದಿದ್ದೇನೆ, ಓದಿಕೊಂಡು ನೀವಿಬ್ಬರೂ ಕೂತು ಯೋಚನೆ ಮಾಡಿ. ‘ಬಾ ಅಂತ ದೊಡ್ಡದಾಗಿ ಬರಿ’ ಅಂತ ನಿನ್ನ ಭಾವ ಬಲಗಡೆ ಕೂತು ಹೇಳುತ್ತಿದ್ದಾರೆ. ಕೇಳಿಸಲಿಲ್ಲ ಅನ್ನುವ ಹಾಗೆ ಕೂತಿದ್ದೇನೆ.

ಪುಟ್ಟಿಯ ಕೆನ್ನೆಗೆ ಅತ್ತೆಯ ಎರಡು ಮುತ್ತು. ನಿನ್ನ ಹೆಂಡತಿಗೆ, ಅಂಚಿನಲ್ಲಿ ಬರೆದದ್ದೆಲ್ಲ ನನಗೆ ಮುಟ್ಟಿದೆ ಅಂತ ಹೇಳು. ಎಲ್ಲಿದ್ದರೂ ಮೂವರೂ ಹೊಟ್ಟೆತುಂಬ ಉಂಡು, ಕಣ್ಣುತುಂಬ ನಿದ್ದೆಮಾಡಿ ಚೆನ್ನಾಗಿರಿ, ನಾನು ಹರಸುವುದು ಅಷ್ಟೆ.

ನಿನ್ನ
ಅಕ್ಕ

ಮರೆತ ಮಾತು: ಇದನ್ನು ಅಂಚೆ ಕಚೇರಿಯಲ್ಲಿ, ದಾರ ಕಟ್ಟಿದ ಪೆನ್ನಿನಲ್ಲಿ ನಿಂತೇ ಬರೆಯುತ್ತಿದ್ದೇನೆ, ಗುಮಾಸ್ತೆ ಆಗಲೇ ಕಿಟಕಿ ಮುಚ್ಚಲು ಕೈ ಹಾಕಿದ್ದಾಳೆ. ಎರಡನೇ ಪ್ರಶ್ನೆಗೆ ಉತ್ತರ ಬರೆಯಲೇ ಇಲ್ಲ. ಅವತ್ತು ಟಿವಿಯವರ ಮುಂದೆ ಮಗ್ಗದ ಆಚೆಯಿಂದ ದಪ್ಪಕ್ಕ ಕೇಳಿದ್ದು, ‘ನಿನ್ನ ತಮ್ಮ ವಾಪಸ್ ಬರ್ತಾನಂತಲ್ಲ, ಏನ್ ಹೇಳ್ತೀಯ?’ ನಾನು ಹೇಳಿದ್ದು, ‘ಬಂದ್ರೆ ಬಾಗಿಲು ತೆಗೆಯಲ್ಲ.’ ಅವಳು ನಕ್ಕಳು, ನಾನು ಹೋಗಿ ಹೋಗಿ ನಿನಗೆ ಬಾಗಿಲು ಹಾಕುತ್ತೀನಾ ಅಂತ. ನಾನು ನಗಲಿಲ್ಲ ಕಣೋ. ಮಿಲ್ಲು ಮುಚ್ಚಿದ ದಿನದ ಫೋಟೋದಲ್ಲಿ ಇತ್ತಲ್ಲ, ಅದೇ ನಗು ಅದು. ತಮ್ಮಾ, ಸಹಿ ಹಾಕು.