ಬೂಟಿನೊಳಗಿನ ಕೀಲಿ

ಸಿಗ್ನೆ ಅವರಿಗೆ,

ನಿಮ್ಮೆದುರು ನನಗೆ ಮಾತೇ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಯ ಕಡೆಯಿಂದ ಕ್ಯಾನ್ಸರ್ ರೋಗಿಗಳಾದ ನಮ್ಮನ್ನು ಫುಟ್‌ಬಾಲ್ ಆಡಿಸುವ ಮೊದಲು ಪ್ರತಿ ಸಲ ನೀವು, "ಯಾರಿಗಾದ್ರೂ ನೋವಿದ್ಯಾ?" ಎಂದು ಕೇಳುತ್ತೀರಿ. ತೋರ್ಕಿಲ್ ಮಾತ್ರ ನನ್ನತ್ತ ಬೆರಳು ತೋರಿಸಿ, "ಪ್ರಾಸ್ಟೇಟ್ ಕ್ಯಾನ್ಸರು, ಹಾರ್ಮೋನ್ ಇಂಜೆಕ್ಷನ್ನು, ಮೇಲೆ ಈ ಎಗೋನ್ ಕೊಡೋ ಪಾಸು. ಇನ್ನೂ ನೋವು ಬೇಕಾ?" ಎನ್ನುತ್ತಾನೆ. ಎಲ್ಲರೂ ನಗುತ್ತೇವೆ. ನೀವು ಸೀಟಿ ಊದುತ್ತೀರಿ.

ಅವನಿಗೆ ತಿಂಗಳಿಂದ ಬೆನ್ನುನೋವು. ಬಗ್ಗಲಾಗುವುದಿಲ್ಲ, ಬೂಟು ನಾನೇ ಹಾಕಿ ಕಟ್ಟುತ್ತೇನೆ. "ಹೇಳ್ಬೇಡ ಕಣೋ. ತಂಡದಿಂದ ತೆಗೆದ್ರೆ ಈ ಇಂಜೆಕ್ಷನ್ ಸೆಕೆಗೆ ಮನೇಲಿ ಒಬ್ನೇ ಬೆವರ್ತಾ ಕೂರ್ಬೇಕು" ಎಂದಿದ್ದ.

ನಿನ್ನೆ, ಕಳೆಯದಿರಲೆಂದು ಅವನು ಬೂಟಿನೊಳಗೆ ಹಾಕಿದ್ದ ಲಾಕರ್ ಕೀಲಿಯನ್ನು ತೆಗೆಯಲು ಮರೆತು, ಹಾಗೆಯೇ ಬಲಗಾಲಿಗೆ ಬೂಟು ಬಿಗಿದುಬಿಟ್ಟೆ. ಅವನು ಆಟ ಪೂರ್ತಿ ಆಡಿದ. ಬಿಚ್ಚಿದಾಗ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. "ಗೊತ್ತೇ ಆಗ್ಲಿಲ್ವಲ್ಲೋ!" ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ.

ಗುರುವಾರದ ಆಟದವರೆಗೆ ಕಾಯಬೇಡಿ. ಇವತ್ತೇ ಅವನನ್ನು ಆಸ್ಪತ್ರೆಗೆ ಕರೆಸಿ, ಬೆನ್ನು ನೋಡಿಸಿ; ಕ್ಯಾನ್ಸರು ಬೆನ್ನುಮೂಳೆಗೆ ಹಬ್ಬಿ ಕಾಲಿನ ನರ ಒತ್ತುತ್ತಿದೆಯೋ ಎಂದು ನನಗೆ ಭಯ. ಕೇಳಿದರೆ ತಮಾಷೆಯನ್ನೇ ಮಾಡುತ್ತಾನೆ. ನೀವು ಆ ಕಾಲನ್ನು ಮುಟ್ಟಿ ನೋಡಿ. ತಂಡದಿಂದ ತೆಗೆಯಬೇಡಿ, ಅವನ ಆಟದ ಅಂಗಿ ಮಾತ್ರ ಗೂಟದಲ್ಲೇ ಇರಲಿ.

ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ. ಸಿಟ್ಟಿದ್ದರೆ ಬಂದು ನನ್ನನ್ನು ಒದೆಯಲಿ, ಆ ಬಲಗಾಲಿನಿಂದಲೇ ಒದೆಯಲಿ.

ನಿಮ್ಮ ತಂಡದ
ಎಗೋನ್