ಗೌರವ ಫಲಕಕ್ಕೆ ನನ್ನ ಫೋಟೊ ಬೇಡ

ಮಸ್ಕಿ

ಮಾನ್ಯ ಮುಖ್ಯಗುರುಗಳಿಗೆ ನಮಸ್ಕಾರ.

ಶಾಲೆಯ ಗೌರವ ಫಲಕಕ್ಕೆ ನನ್ನ ಫೋಟೊ ಕೇಳಿದ್ದೀರಿ. ದಯವಿಟ್ಟು ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ.

ಹನ್ನೊಂದು ವರ್ಷದ ಹಿಂದೆ ನಮ್ಮ ಮೈದಾನದಲ್ಲಿ ಸತ್ತ ಪಾಮನಕಲ್ಲೂರಿನ ವಿದ್ಯಾರ್ಥಿನಿ ಸುರೇಖಾಗೆ ಮೊದಲೇ ಹೃದಯದ ಕಾಯಿಲೆ ಇತ್ತೆಂದು ಬರೆದುಕೊಟ್ಟವನು ನಾನು. ಅದು ಸುಳ್ಳು. ಜಿಲ್ಲಾ ಓಟಕ್ಕೆಂದು ಮಟಮಟ ಮಧ್ಯಾಹ್ನ ಓಡಿಸುತ್ತಿದ್ದೆ. "ಸರ್, ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ" ಅಂದಳು. "ನಾಟಕ ಮಾಡಬ್ಯಾಡ, ಇನ್ನೊಂದು ಸುತ್ತು ಓಡು" ಅಂದೆ. ಅರ್ಧ ಸುತ್ತಿಗೆ ಬಿದ್ದಳು.

ನಿನ್ನೆ ಅವಳ ತಾಯಿ ತಿಮ್ಮವ್ವನ ಮನೆಗೆ ಹೋಗಿ ನಿಜ ಹೇಳಿದೆ. ಆಕೆ ಬೈಯಲಿಲ್ಲ. "ನೀರು ಕೇಳಿದ್ಲೇನ್ರೀ ಮಾಸ್ತರ?" ಎಂದಷ್ಟೇ ಕೇಳಿದಳು.

ಎರಡು ಸಲ ಕೇಳಿದ್ದಳು. ನಾನು ಕೊಟ್ಟಿರಲಿಲ್ಲ. "ಇಲ್ಲವ್ವ" ಎಂದು ಹೇಳಿ ಎದ್ದು ಬಂದೆ.

ಇಂತಿ,
ಹನುಮಂತರಾಯ
ನಿವೃತ್ತ ದೈಹಿಕ ಶಿಕ್ಷಕ